ಆಗಲೂ ಬಿಸಿಲಿತ್ತಲ್ಲ ಸ್ವಾಮಿ!

ಓದುಗರ ಪತ್ರ: ಹೋದ ಸಂಚಿಕೆಯ ಮುಖಪುಟದಲ್ಲಿ 'ಇತಿಹಾಸದಲ್ಲೇ ಕಂಡರಿಯದ ಬಿಸಿಲು' ಅಂತ ಹಾಕಿದ್ದೀರಿ. ಲಿಬಿಯಾದಲ್ಲಿ 1922ರಲ್ಲೇ 58 ಡಿಗ್ರಿ ಆಗಿತ್ತು. ಅಮೆರಿಕದಲ್ಲಿ 1913ರಲ್ಲಿ 56.7 ಡಿಗ್ರಿ, ಆಮೇಲೆ 1936ರ ಬೇಸಿಗೆಯಿಡೀ ಬೆಂಕಿ. ಆಗ ಎಷ್ಟು ಕಾರುಗಳಿದ್ದವು, ಎಷ್ಟು ಕಾರ್ಖಾನೆಗಳಿದ್ದವು? ಆಗಲೂ ಬಿಸಿಲಿತ್ತಲ್ಲ ಸ್ವಾಮಿ! ಇನ್ನೊಂದು ವಿಷಯ. ನನ್ನ ಗೋಡೆಯ ಥರ್ಮಾಮೀಟರ್ 46 ತೋರಿಸಿದ ದಿನ ಹವಾಮಾನ ವರದಿಯಲ್ಲಿ 41 ಅಂತಾರೆ. ಯಾರನ್ನು ನಂಬಬೇಕು?

ಸಂಪಾದಕರ ಉತ್ತರ: ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಆ ತಲೆಬರಹ ಕೊಟ್ಟವನು ನಾನೇ. ಪುಟ ಅಚ್ಚಿಗೆ ಹೋಗುವ ಗಡಿಬಿಡಿಯಲ್ಲಿ ಕೈಗೆ ಸಿಕ್ಕ ದೊಡ್ಡ ಪದ ಹಾಕಿಬಿಟ್ಟೆ. ಥರ್ಮಾಮೀಟರ್ ಇಟ್ಟು ಜಗತ್ತಿನ ಹೆಚ್ಚಿನ ಕಡೆ ಕ್ರಮವಾಗಿ ಅಳೆಯಲು ಶುರುಮಾಡಿ ಸುಮಾರು ನೂರೈವತ್ತು ವರ್ಷ, ಅಷ್ಟೇ. 'ಅಳತೆ ಶುರುವಾದಾಗಿನಿಂದ' ಅಂತ ಬರೆದಿದ್ದರೆ ಸಾಕಿತ್ತು.

ಇನ್ನು ನಿಮ್ಮ ಲಿಬಿಯಾ. ನಾನೂ ಕ್ವಿಜ್‌ಗೆ ಅಂತ ಬಾಯಿಪಾಠ ಮಾಡಿದವನೇ: ಅಲ್ ಅಜೀಜಿಯಾ, 1922ರ ಸೆಪ್ಟೆಂಬರ್ 13, 58 ಡಿಗ್ರಿ. ಆದರೆ ಆ ದಾಖಲೆ ಈಗ ಪಟ್ಟಿಯಲ್ಲಿಲ್ಲ. ವಿಶ್ವ ಹವಾಮಾನ ಸಂಸ್ಥೆ ಅದನ್ನು 2012ರ ಸೆಪ್ಟೆಂಬರ್ 13ರಂದು, ಸರಿಯಾಗಿ ತೊಂಬತ್ತು ವರ್ಷ ತುಂಬಿದ ದಿನ, ಹೊಡೆದುಹಾಕಿತು.

ಯಾಕೆ ಅನ್ನೋದು ಮಜವಾಗಿದೆ. ಆ ಕೇಂದ್ರದಲ್ಲಿ ಇದ್ದದ್ದು ಸಿಕ್ಸ್-ಬೆಲ್ಲಾನಿ ಅನ್ನುವ ಹಳೇ ಕಾಲದ ಥರ್ಮಾಮೀಟರ್. ಬಿಸಿ ಏರಿದಂತೆ ಒಳಗಿನ ಪಾದರಸ ಒಂದು ಪುಟ್ಟ ಕಡ್ಡಿಯನ್ನು ಮೇಲಕ್ಕೆ ತಳ್ಳುತ್ತದೆ. ಸೆಕೆ ಇಳಿದಾಗ ಪಾದರಸ ವಾಪಸ್ ಕೆಳಗೆ ಬರುತ್ತದೆ, ಕಡ್ಡಿ ಮಾತ್ರ ಅಲ್ಲೇ ಅಂಟಿಕೊಂಡಿರುತ್ತದೆ. ಆ ಕಡ್ಡಿಯ ಕೆಳತುದಿ ಎಲ್ಲಿದೆಯೋ ಅದೇ ಆ ದಿನದ ಗರಿಷ್ಠ. ಮೇಲ್ತುದಿ ಓದಿದರೆ ಕಡ್ಡಿಯ ಉದ್ದದಷ್ಟು ಜಾಸ್ತಿ ಬರುತ್ತದೆ. ಕಡ್ಡಿಯ ಉದ್ದವೋ, ಸುಮಾರು 7 ಡಿಗ್ರಿ! ಲಿಬಿಯಾದ ಹವಾಮಾನ ಅಧಿಕಾರಿ ಖಾಲಿದ್ ಎಲ್ ಫದ್ಲಿ ಹಳೇ ದಾಖಲೆ ಪುಸ್ತಕದ ಹಾಳೆ ಹುಡುಕಿ ತೆಗೆದರು. ನಡುವೆ 2011ರ ದಂಗೆ ಶುರುವಾಗಿ ಎಷ್ಟೋ ತಿಂಗಳು ಅವರ ಸುದ್ದಿಯೇ ಇರಲಿಲ್ಲ. ಕೊನೆಗೆ ಹಾಳೆ ನೋಡಿದಾಗ ಗೊತ್ತಾದದ್ದು, ಆ ದಿನ ಅಳತೆ ಓದಿದವರು ಕೆಲಸಕ್ಕೆ ಹೊಸಬರು. ಸುತ್ತಲಿನ ಊರುಗಳ ಅಳತೆಗೂ ಆ 58 ತಾಳೆಯಾಗಲಿಲ್ಲ.

ಇನ್ನು ನಿಮ್ಮ ಅಮೆರಿಕದ 1913ರ 56.7. ಡೆತ್ ವ್ಯಾಲಿ ಅನ್ನುವ ಮರುಭೂಮಿ ಕಣಿವೆಯದ್ದು ಅದು, ಇನ್ನೂ ಅಧಿಕೃತ ದಾಖಲೆಯೇ. ಅದರ ಮೇಲೂ ಕೆಲವು ತಜ್ಞರಿಗೆ ಅನುಮಾನ ಇದೆ. ಇರಲಿ, ಅದನ್ನು ನಿಮಗೇ ಬಿಟ್ಟುಕೊಡುತ್ತೇನೆ.

1936ರ ಮಾತು ಬೇರೆ. ಅದರಲ್ಲಿ ಓದುವ ತಪ್ಪೂ ಇಲ್ಲ, ಅನುಮಾನವೂ ಇಲ್ಲ. ಉತ್ತರ ಡಕೋಟಾ ರಾಜ್ಯದ ಸ್ಟೀಲ್ ಅನ್ನುವ ಊರಲ್ಲಿ ಜುಲೈ 6ರಂದು 49.4 ಡಿಗ್ರಿ. ಅದೇ ರಾಜ್ಯದಲ್ಲಿ, ಅದೇ ವರ್ಷ ಫೆಬ್ರುವರಿಯಲ್ಲಿ ಸೊನ್ನೆಗಿಂತ 51 ಡಿಗ್ರಿ ಕೆಳಗೆ ಇಳಿದಿತ್ತು! ಐದು ತಿಂಗಳಲ್ಲಿ ನೂರು ಡಿಗ್ರಿ ಏರಿಳಿತ. ಆ ಬೇಸಿಗೆ ಸುಮಾರು ಐದು ಸಾವಿರ ಜನರನ್ನು ತಿಂದುಹಾಕಿತು. ಅಮೆರಿಕದ ಹಲವು ರಾಜ್ಯಗಳ ಗರಿಷ್ಠ ದಾಖಲೆ ಇವತ್ತಿಗೂ ಆ ವರ್ಷದ್ದೇ.

ಅಷ್ಟು ಸೆಕೆ ಯಾಕಾಯಿತು? ವರ್ಷಗಟ್ಟಲೆ ಮಳೆ ಇರಲಿಲ್ಲ. ಹುಲ್ಲುಗಾವಲನ್ನೆಲ್ಲ ಉತ್ತು ಮಣ್ಣು ಬೆತ್ತಲೆಯಾಗಿತ್ತು. ನೆಲದಲ್ಲಿ ತೇವ ಇದ್ದರೆ ಬಿಸಿಲಿನ ಒಂದು ಪಾಲು ಆ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ತೇವವೇ ಇಲ್ಲದಿದ್ದರೆ ಅಷ್ಟೂ ಶಾಖ ನೇರವಾಗಿ ಗಾಳಿಗೆ. ಬೆವರು ನಿಂತ ಮೈ ಹೇಗೆ ಕುದಿಯುತ್ತದೆ, ಹಾಗೆ. ಆದರೆ ಇಡೀ ಭೂಮಿಯ ಸರಾಸರಿ ತೆಗೆದು ನೋಡಿ. 1936 ಈಗಿನ ಯಾವ ವರ್ಷದ ಹತ್ತಿರಕ್ಕೂ ಬರುವುದಿಲ್ಲ. ಒಂದು ಕೋಣೆಯಲ್ಲಿ ಒಲೆ ಉರಿಯುವುದು ಬೇರೆ, ಮನೆಗೆ ಮನೆಯೇ ಕಾಯುವುದು ಬೇರೆ, ಅಲ್ವಾ?

ಹಾಗಾಗಿ ಒಂದು ದೊಡ್ಡ ಸಂಖ್ಯೆ ಹಿಡಿದು ನೀವು ಜಗ್ಗುವುದೂ ಬೇಡ, ನಾನು ಜಗ್ಗುವುದೂ ಬೇಡ. ದಾಖಲೆಗಳು ಎಷ್ಟು ಸಲ ಮುರಿಯುತ್ತಿವೆ ಅನ್ನುವುದನ್ನು ಎಣಿಸೋಣ. ಒಂದು ಆಟ ಹೇಳುತ್ತೇನೆ, ಮಾಡಿ ನೋಡಿ. ನೂರು ಚೀಟಿಗಳಲ್ಲಿ ಒಂದರಿಂದ ನೂರು ಬರೆದು ಡಬ್ಬಿಗೆ ಹಾಕಿ, ಕಣ್ಣುಮುಚ್ಚಿ ಒಂದೊಂದೇ ತೆಗೆಯಿರಿ. ಹಿಂದಿನ ಎಲ್ಲಕ್ಕಿಂತ ದೊಡ್ಡ ಸಂಖ್ಯೆ ಬಂದರೆ ಅದು 'ದಾಖಲೆ'. ಮೊದಲ ಚೀಟಿ ಸುಮ್ನೆ ದಾಖಲೆಯೇ. ಎರಡನೆಯದಕ್ಕೆ ಅರ್ಧ ಅವಕಾಶ. ಹತ್ತನೆಯದಕ್ಕೆ ಹತ್ತರಲ್ಲಿ ಒಂದು. ಹೋಗ್ತಾ ಹೋಗ್ತಾ ದಾಖಲೆ ಅಪರೂಪವಾಗುತ್ತದೆ. ಡಬ್ಬಿ ಖಾಲಿಯಾಗುವ ಹೊತ್ತಿಗೆ ಸರಾಸರಿ ಐದೇ ದಾಖಲೆ.

ಹವೆಯೂ ಮೊದಲಿನ ಹಾಗೇ ಇದ್ದಿದ್ದರೆ ಲೆಕ್ಕ ಹೀಗೇ ಬರಬೇಕಿತ್ತು. ಬಂದಿದ್ದೇನು? ಅಳತೆ ಶುರುವಾದಾಗಿನಿಂದ 2024ರ ತನಕದ ವರ್ಷಗಳಲ್ಲಿ ಅತಿ ಬಿಸಿಯ ಹತ್ತು ಆರಿಸಿದರೆ 2015ರಿಂದ 2024ರ ತನಕ ಸಾಲಾಗಿ ಹತ್ತೂ ಬಂದು ಕೂರುತ್ತವೆ. ಅವುಗಳಲ್ಲಿ 2024 ಎಲ್ಲಕ್ಕಿಂತ ಬಿಸಿ. 1850ರಿಂದ 1900ರ ಸರಾಸರಿಗಿಂತ ಸುಮಾರು 1.55 ಡಿಗ್ರಿ ಮೇಲೆ. ಇನ್ನೊಂದು ಲೆಕ್ಕ ನಿಮ್ಮ ಅಮೆರಿಕದ್ದೇ. 1950ರ ದಶಕದಲ್ಲಿ ಅಲ್ಲಿ ದಿನದ ಬಿಸಿ ದಾಖಲೆ, ಚಳಿ ದಾಖಲೆ ಹೆಚ್ಚುಕಡಿಮೆ ಸಮಸಮ ಇದ್ದವು. 2000ದ ದಶಕದಲ್ಲಿ ಒಂದು ಚಳಿ ದಾಖಲೆಗೆ ಎರಡು ಬಿಸಿ ದಾಖಲೆ. ಯಾರೋ ಡಬ್ಬಿಯೊಳಗೆ ದೊಡ್ಡ ಸಂಖ್ಯೆಯ ಚೀಟಿ ಸೇರಿಸುತ್ತಿದ್ದಾರೆ.

ದಾಖಲೆ ಮುರಿಯುವ ರೀತಿಯೂ ಬದಲಾಗಿದೆ. ಸಾಮಾನ್ಯವಾಗಿ ಕಾಲು ಡಿಗ್ರಿ, ಅರ್ಧ ಡಿಗ್ರಿಯಲ್ಲಿ ಮುರಿಯುವಂಥದ್ದು ಅದು. ಕೆನಡಾ ನೋಡಿ. 1937ರ ಜುಲೈನಲ್ಲಿ 45 ಡಿಗ್ರಿ ಆಗಿತ್ತು. ನಿಮ್ಮ 1936ರ ಕಾಲದ್ದೇ ಆ ದಾಖಲೆ ಎಂಬತ್ತನಾಲ್ಕು ವರ್ಷ ಅಲುಗಾಡಲಿಲ್ಲ. 2021ರ ಜೂನ್ 27ರಂದು ಲಿಟನ್ ಅನ್ನುವ ಹಳ್ಳಿಯಲ್ಲಿ 46.6 ಆಯಿತು. ಮಾರನೇ ದಿನ 47.9. ಅದರ ಮಾರನೇ ದಿನ 49.6. ನಾಲ್ಕನೇ ದಿನ ಹಳ್ಳಿಯ ಬಹುಪಾಲು ಬೆಂಕಿಗೆ ಸುಟ್ಟುಹೋಯಿತು. ಆಗ ವಿಜ್ಞಾನಿಗಳು ಎರಡು ಭೂಮಿಗಳನ್ನು ಕಂಪ್ಯೂಟರಿನಲ್ಲಿ ಕಟ್ಟಿ ಹೋಲಿಸಿದರು. ಒಂದು ಈಗಿರುವ ಹಾಗೆ, ಇನ್ನೊಂದು ನಾವು ಹೊಗೆ ಬಿಡದೇ ಇದ್ದಿದ್ದರೆ ಇರುತ್ತಿದ್ದ ಹಾಗೆ. ಎರಡನೇ ಭೂಮಿಯಲ್ಲಿ ಇಂಥ ಸೆಕೆ ಬರುವುದು ಹೆಚ್ಚುಕಡಿಮೆ ಅಸಾಧ್ಯ ಅಂತ ಬಂತು ಉತ್ತರ.

'ಆಗ ಎಷ್ಟು ಕಾರುಗಳಿದ್ದವು' ಅಂದಿರಲ್ಲ, ಅದು ಒಳ್ಳೇ ಪ್ರಶ್ನೆ. ಅದನ್ನು ಆ ಕಾಲದಲ್ಲೇ ಒಬ್ಬರು ಕೇಳಿಕೊಂಡಿದ್ದರು. ಗೈ ಕ್ಯಾಲೆಂಡರ್ ಅಂತ ಇಂಗ್ಲೆಂಡಿನ ಒಬ್ಬ ಉಗಿ ಎಂಜಿನಿಯರ್. ಹವಾಮಾನ ಅವರ ಹವ್ಯಾಸ. ಜಗತ್ತಿನ 147 ಕೇಂದ್ರಗಳ ಹಳೇ ಅಳತೆಗಳನ್ನು ಕಲೆಹಾಕಿ, ಕೈಯಲ್ಲೇ ಲೆಕ್ಕ ಮಾಡಿ, ಹಿಂದಿನ ಐವತ್ತು ವರ್ಷಗಳಲ್ಲಿ ನೆಲದ ಮೇಲಿನ ಗಾಳಿ ಸುಮಾರು 0.3 ಡಿಗ್ರಿ ಬಿಸಿಯಾಗಿದೆ ಅಂದರು. ಕಾರಣ ಕಲ್ಲಿದ್ದಲಿನ ಹೊಗೆಯ ಕಾರ್ಬನ್ ಡೈಆಕ್ಸೈಡ್ ಅಂತಲೂ ಹೇಳಿದರು. ಅದು 1938! ದೊಡ್ಡವರು ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. ಕಾರ್ಖಾನೆಗಳ ಕಾಲಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಆ ಅನಿಲ ಸುಮಾರು 280 ಪಾಲಿತ್ತು. 1958ರಲ್ಲಿ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಅಳೆಯಲು ಶುರುಮಾಡಿದಾಗ 315ರ ಹತ್ತಿರ. ಈಗ 420 ದಾಟಿದೆ. ಅಂದರೆ 1936ರಲ್ಲಿ ನಿಜಕ್ಕೂ ಹೊಗೆ ಕಡಿಮೆ. ಆಗಿನ ಸೆಕೆಗೆ ಬರಗಾಲ ಬೇಕಾಯಿತು, ಉತ್ತ ನೆಲ ಬೇಕಾಯಿತು. ಈಗ ಅವೆಲ್ಲ ಬಂದರೆ ಒಂದು ಡಿಗ್ರಿಗೂ ಜಾಸ್ತಿ ಕಾದ ಭೂಮಿಯ ಮೇಲೆ ಬರುತ್ತವೆ.

ಸೂರ್ಯನೇ ಜಾಸ್ತಿ ಉರಿಯುತ್ತಿರಬಹುದು ಅಂತ ಮುಂದಿನ ಪತ್ರದಲ್ಲಿ ಕೇಳುತ್ತೀರಿ, ನನಗೆ ಗೊತ್ತು. ಹಾಗಿದ್ದರೆ ವಾತಾವರಣದ ಮೇಲಿನ ಪದರವೂ ಬಿಸಿಯಾಗಬೇಕಿತ್ತು. ಅದು ತಣ್ಣಗಾಗುತ್ತಿದೆ. ಶಾಖ ಕೆಳಗೇ ಸಿಕ್ಕಿಹಾಕಿಕೊಳ್ಳುತ್ತಿದೆ.

ಕೊನೆಗೆ ನಿಮ್ಮ ಗೋಡೆ. ನಿಮ್ಮ 46 ಸುಳ್ಳಲ್ಲ. ಆದರೆ ಅದು ಗೋಡೆಯ ಬಿಸಿ, ಗಾಳಿಯದಲ್ಲ. ಬಿಸಿಲುಂಡ ಗೋಡೆ ಥರ್ಮಾಮೀಟರಿಗೆ ಶಾಖ ದಾಟಿಸುತ್ತದೆ. ಹವಾಮಾನ ಕೇಂದ್ರಗಳಲ್ಲಿ ಇದಕ್ಕಾಗಿಯೇ ಸ್ಟೀವನ್ಸನ್ ಪೆಟ್ಟಿಗೆ ಇರುತ್ತದೆ. ಬಿಳಿ ಬಣ್ಣ, ನಾಲ್ಕೂ ಕಡೆ ಓರೆ ಪಟ್ಟಿ, ಒಳಗೆ ನೆರಳು, ಗಾಳಿ ಮಾತ್ರ ಆಡುತ್ತದೆ. ಅದನ್ನು ಮಾಡಿದ ಥಾಮಸ್ ಸ್ಟೀವನ್ಸನ್ ಸ್ಕಾಟ್ಲೆಂಡಿನಲ್ಲಿ ದೀಪಸ್ತಂಭ ಕಟ್ಟುತ್ತಿದ್ದ ಎಂಜಿನಿಯರ್. ಎಲ್ಲ ಕಡೆ ಒಂದೇ ಥರ ಅಳೆದರೆ ತಾನೇ ಒಂದಕ್ಕೊಂದು ಹೋಲಿಸುವುದು?

ಥರ್ಮಾಮೀಟರನ್ನು ಗೋಡೆಯಿಂದ ಬಿಚ್ಚಿ. ನೆರಳಿನಲ್ಲಿ, ಗಾಳಿಯಾಡುವ ಕಡೆ, ಎದೆಮಟ್ಟಕ್ಕೆ ತೂಗುಹಾಕಿ. ದಿನಾ ಅದೇ ಹೊತ್ತಿಗೆ ಓದಿ ಬರೆಯಿರಿ. ಬೆಳಗಿನ ಜಾವದ್ದನ್ನೂ ಬಿಡಬೇಡಿ. ಎಷ್ಟೋ ಕಡೆ ಹಗಲಿಗಿಂತ ರಾತ್ರಿಗಳೇ ಬೇಗ ಬೇಗ ಬಿಸಿಯಾಗುತ್ತಿವೆ. ಹಗಲು ಬೆಂದ ಮೈ ರಾತ್ರಿಯೂ ತಣಿಯದಿದ್ದಾಗ ಸಾವು ಜಾಸ್ತಿ. 2003ರಲ್ಲಿ ಯುರೋಪಿನಲ್ಲಿ ಎಪ್ಪತ್ತು ಸಾವಿರ ಜನ ಸತ್ತಾಗ ಆದದ್ದೂ ಅದೇ. ಪುಸ್ತಕ ತುಂಬಿದ ಮೇಲೆ ನಮಗೆ ಕಳಿಸಿ, ಅಚ್ಚು ಹಾಕುತ್ತೇವೆ. ತಲೆಬರಹ ಮಾತ್ರ ನೀವೇ ಕೊಡಿ.