ಓದುಗರ ಪ್ರಶ್ನೆ: ಮುಚ್ಚಿಕೊಂಡ ಬಿರುಕನ್ನು ಅಳೆಯುವುದು ಹೇಗೆ?

ಪ್ರಶ್ನೆ: ಲ್ಯಾಬಿನಲ್ಲಿ ಇಟ್ಟಿಗೆ ಮನೆ ಕಟ್ಟಿ, ಯಂತ್ರದ ಮೇಲಿಟ್ಟು ಭೂಕಂಪದ ಹಾಗೆ ಅಲುಗಾಡಿಸುವ ವಿಡಿಯೊ ನೋಡಿದೆ. ಕೊನೆಗೆ ಮನೆ ಕುಸಿದೇ ಹೋಯಿತು. ಕುಸಿದದ್ದು ಎಲ್ಲರಿಗೂ ಕಾಣುತ್ತದೆ. ಅದಕ್ಕೂ ಮುಂಚೆ ‘ಇಷ್ಟು ಹಾನಿಯಾಗಿದೆ’ ಅಂತ ಹೇಗೆ ಹೇಳುತ್ತೀರಿ? ಬಿರುಕಿಗೆ ಸ್ಕೇಲ್ ಹಿಡಿದರೆ ಸಾಕಲ್ವಾ?

ಉತ್ತರ: ಸಾಲದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ. ಕೈಯಲ್ಲಿ ಟಾರ್ಚು, ಜೇಬಲ್ಲಿ ಬಿರುಕಿನ ಅಗಲ ಅಳೆಯುವ ಪ್ಲಾಸ್ಟಿಕ್ ಕಾರ್ಡು. ಒಂದು ಪರೀಕ್ಷೆಯಲ್ಲಿ ಶೇಕ್ ಟೇಬಲ್ (ನೀವು ನೋಡಿದ ಆ ಅಲುಗಾಡಿಸುವ ಯಂತ್ರ) ಜೋರಾಗಿ ಅಲುಗಾಡುವಾಗ ಕಿಟಕಿಯ ಮೂಲೆಯಲ್ಲಿ ಬಿರುಕು ಬಾಯಿ ಬಿಟ್ಟಿತು. ಆ ಕಡೆಯ ಬೆಳಕು ಈ ಕಡೆಗೆ ಕಂಡಿತು. ಟೇಬಲ್ ನಿಂತ ಮೇಲೆ ಹತ್ತಿರ ಹೋಗಿ ನೋಡಿದರೆ ಕೂದಲೆಳೆಯಂಥ ಗೆರೆ! ಮೇಲಿನ ಗೋಡೆಯ ತೂಕವೇ ಅದನ್ನು ಒತ್ತಿ ಮುಚ್ಚಿತ್ತು. ಕಾರ್ಡು ಹಿಡಿದು 0.1 ಮಿಲಿಮೀಟರ್ ಅಂತ ಬರೆದುಕೊಂಡೆ. ಅಳತೆ ಸರಿಯಾಗೇ ಇತ್ತು. ಗೋಡೆಗೆ ಬಿದ್ದ ಪೆಟ್ಟು ಮಾತ್ರ ಅದರಲ್ಲಿ ಇರಲಿಲ್ಲ.

ಅದಕ್ಕೇ ಈಗ ಗೋಡೆಗೆ ಬಿಳಿ ಬಳಿದು, ಅದರ ಮೇಲೆ ಕರಿ ಚುಕ್ಕಿ ಚಿಮುಕಿಸಿ, ಎದುರಿಗೆ ಕ್ಯಾಮೆರಾ ಇಡುತ್ತಾರೆ. ಅಲುಗಾಡುವ ಹೊತ್ತಿನಲ್ಲೇ ಒಂದೊಂದು ಚುಕ್ಕಿಯೂ ಎಷ್ಟು ಸರಿಯಿತು ಅಂತ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಅಕ್ಕಪಕ್ಕದ ಎರಡು ಚುಕ್ಕಿ ದೂರವಾದರೆ ನಡುವೆ ಬಿರುಕು ಬಿಟ್ಟಿದೆ ಅಂತಲೇ ಅರ್ಥ, ನಮ್ಮ ಕಣ್ಣಿಗೆ ಕಾಣದಿದ್ದರೂ.

ನನಗೆ ಜಾಸ್ತಿ ನಂಬಿಕೆ ಇರುವುದು ಇನ್ನೊಂದು ದಾರಿಯಲ್ಲಿ. ಒಡಕು ಮಡಕೆಯನ್ನು ಬೆರಳಲ್ಲಿ ತಟ್ಟಿದರೆ ಸದ್ದಿನಲ್ಲೇ ಗೊತ್ತಾಗುತ್ತದಲ್ಲ, ಹಾಗೆ. ಪ್ರತಿ ದೊಡ್ಡ ಅಲುಗಾಟದ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಟೇಬಲನ್ನು ಸಣ್ಣಗೆ ನಡುಗಿಸುತ್ತೇವೆ. ಸ್ಟೇಷನ್ ಸಿಗದ ರೇಡಿಯೊ ಸರ್ರ್ ಅನ್ನುತ್ತದಲ್ಲ, ಅಂಥ ನಡುಕ. ಅದರಲ್ಲಿ ಎಲ್ಲ ವೇಗದ ಕಂಪನವೂ ಬೆರೆತಿರುತ್ತದೆ. ಕಟ್ಟಡ ಅದರಿಂದ ತನಗೆ ಒಗ್ಗುವ ವೇಗವನ್ನೇ ಹಿಡಿದು ತೂಗುತ್ತದೆ. ಮೊದಲು ಸೆಕೆಂಡಿಗೆ 10 ಸಲ ತೂಗುತ್ತಿದ್ದದ್ದು ಆಮೇಲೆ 7 ಸಲಕ್ಕೆ ಇಳಿಯಿತು ಅನ್ನಿ. ಬರೀ ಮೂರು ಕಡಿಮೆ ಅನ್ನಿಸಬಹುದು. ಆದರೆ ಗೋಡೆಯ ಬಿಗಿ ಈ ಸಂಖ್ಯೆಯ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 0.7ನ್ನು 0.7ರಿಂದ ಗುಣಿಸಿ, 0.49. ಅಂದರೆ ಅರ್ಧ ಬಿಗಿ ಹೋಯಿತು! ಹೊರಗೆ ಕಾಣುವುದು ಎರಡು ಮೂರು ಕೂದಲೆಳೆ ಗೆರೆ ಅಷ್ಟೇ.

ಇದರಲ್ಲೂ ಮೋಸ ಹೋಗಿದ್ದೇನೆ. ತೂಗಾಟ ಅಳೆಯಲು ಅಂಟಿಸಿದ್ದ ಒಂದು ಸೆನ್ಸರ್ ಹುಚ್ಚು ಹಿಡಿದ ಹಾಗೆ ಕುಣಿದದ್ದು ನೋಡಿ, ಗೋಡೆಯ ತಲೆ ಬೀಳುತ್ತಿದೆ ಅಂತ ಪರೀಕ್ಷೆ ನಿಲ್ಲಿಸಿದೆ. ಹೋಗಿ ತಟ್ಟಿದರೆ ಡೊಳ್ಳು ಸದ್ದು. ಪ್ಲಾಸ್ಟರ್ ಇಟ್ಟಿಗೆಯಿಂದ ಬಿಟ್ಟುಕೊಂಡಿತ್ತು. ಸೆನ್ಸರ್ ಅಂಟಿಸಿದ್ದು ಅದರ ಮೇಲೆ! ಗೋಡೆ ಆರಾಮಾಗಿತ್ತು. ಅವತ್ತಿನಿಂದ ಪ್ಲಾಸ್ಟರ್ ಕೆರೆದು ಇಟ್ಟಿಗೆಗೇ ಅಂಟಿಸುತ್ತೇನೆ.

ಇನ್ನೊಂದು ಅಳತೆ, ಗೋಡೆಯ ತಲೆ ಬುಡಕ್ಕಿಂತ ಎಷ್ಟು ಪಕ್ಕಕ್ಕೆ ಸರಿಯಿತು ಅನ್ನುವುದು. ಯುರೋಪಿನ ಭೂಕಂಪ ನಿಯಮದಲ್ಲಿ, ಓರೆಯಾಗಿ ಸೀಳುವ ಗೋಡೆಗೆ ಎತ್ತರದ 0.4% ದಾಟಿದರೆ ಗಂಭೀರ ಹಾನಿ ಎಂಬ ಲೆಕ್ಕವಿದೆ. 3 ಮೀಟರ್ ಗೋಡೆಗೆ ಅದು 12 ಮಿಲಿಮೀಟರ್. ಕಿರುಬೆರಳಿನ ದಪ್ಪ!

ಇನ್ನು ಬಿರುಕು ಎಲ್ಲಿದೆ ಅನ್ನುವುದು ಅಗಲಕ್ಕಿಂತ ಮುಖ್ಯ. ಗಾರೆಯ ಸಂದಿಯಲ್ಲೇ ಮೆಟ್ಟಿಲು ಮೆಟ್ಟಿಲಾಗಿ ಹೋದ ಬಿರುಕು ನೋಡಲು ಭಯಾನಕ, ಆದರೆ ಇಟ್ಟಿಗೆಗಳು ಒಂದರ ಮೇಲೊಂದು ಉಜ್ಜಿಕೊಂಡು ಇನ್ನೂ ತಡೆಯುತ್ತಿರುತ್ತವೆ. ಇಟ್ಟಿಗೆಯನ್ನೇ ಸೀಳಿ ಹೋದದ್ದು ಅದಕ್ಕಿಂತ ಕೆಟ್ಟದ್ದು. ನನಗೆ ಎದೆ ಝಲ್ ಅನ್ನುವುದು ಎರಡು ಗೋಡೆ ಸೇರುವ ಮೂಲೆಯಲ್ಲಿ ನೆಟ್ಟಗೆ ಇಳಿದ ತೆಳ್ಳನೆ ಗೆರೆ ಕಂಡಾಗ. ಗೋಡೆಗಳು ಒಂದರ ಕೈ ಒಂದು ಬಿಟ್ಟಿರುತ್ತವೆ. ಮುಂದಿನ ಅಲುಗಾಟಕ್ಕೆ ಒಂದು ಗೋಡೆ ಅಂಗಾತ ಹೊರಗೆ ಬೀಳಬಹುದು. ಆಗ ಮಾದರಿ ಬೀಳದಂತೆ ಹಿಡಿದಿರುವ ಕ್ರೇನಿನ ಸರಪಳಿ ಸರಿಯಾಗಿದೆಯಾ ಅಂತ ನೋಡದೆ ಯಾರನ್ನೂ ಹತ್ತಿರ ಬಿಡುವುದಿಲ್ಲ.

ಪ್ರಶ್ನೆ: ಅರ್ಧ ಅಳತೆಯ ಮಾದರಿ ಅಲುಗಾಡಿಸಿದರೆ ನಿಜ ಮನೆಯ ಸಂಗತಿ ಗೊತ್ತಾಗುತ್ತದಾ?

ಉತ್ತರ: ಸುಮ್ನೆ ಚಿಕ್ಕದು ಮಾಡಿದರೆ ಇಲ್ಲ. ಎಲ್ಲ ಅಳತೆಯೂ ಅರ್ಧವಾದರೆ ತೂಕ ಎಂಟರಲ್ಲೊಂದು ಪಾಲಾಗುತ್ತದೆ, ತೂಕ ಹೊರುವ ಜಾಗ ನಾಲ್ಕರಲ್ಲೊಂದು ಪಾಲು. ಇಟ್ಟಿಗೆಯ ಮೇಲಿನ ಒತ್ತಡ ಅರ್ಧಕ್ಕೆ ಬೀಳುತ್ತದೆ. ಅದನ್ನು ಸರಿದೂಗಿಸಲು ಕಬ್ಬಿಣವೋ ಸೀಸವೋ ಹೇರುತ್ತೇವೆ. ಸಮಯವನ್ನೂ ಕುಗ್ಗಿಸಬೇಕು: 20 ಸೆಕೆಂಡಿನ ಭೂಕಂಪವನ್ನು ಸುಮಾರು 14 ಸೆಕೆಂಡಿನಲ್ಲಿ ಆಡಿಸುತ್ತೇವೆ. ಈ ಪಾಡೇ ಬೇಡ ಅನ್ನುವವರಿಗೆ ಜಪಾನಿನ ಮಿಕಿ ಊರಿನಲ್ಲಿ ನಿಜ ಅಳತೆಯ ಮನೆಯನ್ನೇ ಅಲುಗಾಡಿಸುವ ಇ-ಡಿಫೆನ್ಸ್ ಎಂಬ ಶೇಕ್ ಟೇಬಲ್ ಇದೆ. 1995ರ ಕೋಬೆ ಭೂಕಂಪದ ಪಾಠದಿಂದ ಕಟ್ಟಿ 2005ರಲ್ಲಿ ಶುರು ಮಾಡಿದ್ದು. ಟೇಬಲ್ 20 ಮೀಟರ್ ಉದ್ದ, 15 ಮೀಟರ್ ಅಗಲ. 1,200 ಟನ್ ಹೊರುತ್ತದೆ. ಹೊಟ್ಟೆಕಿಚ್ಚಾಗುತ್ತದೆ, ನಿಜ.

ಪ್ರಶ್ನೆ: ಒಂದೇ ಮಾದರಿಯನ್ನು ಚಿಕ್ಕದರಿಂದ ದೊಡ್ಡದರವರೆಗೆ ಮತ್ತೆ ಮತ್ತೆ ಅಲುಗಾಡಿಸುತ್ತೀರಿ. ಕೊನೆಯ ಪೆಟ್ಟು ತಿನ್ನುವುದು ಆಗಲೇ ಸುಸ್ತಾದ ಮನೆ ಅಲ್ವಾ?

ಉತ್ತರ: ಸರಿಯಾಗಿ ಹಿಡಿದಿರಿ. ಹೌದು, ಆ ಹಾನಿಯೆಲ್ಲ ಒಂದೇ ಭೂಕಂಪದ್ದಲ್ಲ, ಹಿಂದಿನವೂ ಸೇರಿರುತ್ತವೆ. ಹೊಸ ಮನೆಗೆ ನೇರವಾಗಿ ದೊಡ್ಡದೇ ಬಂದಿದ್ದರೆ ಗೋಡೆ ಬೇರೆ ಕಡೆ ಸೀಳಬಹುದಿತ್ತು. ಪ್ರತಿ ಸುತ್ತಿಗೂ ಒಂದು ಹೊಸ ಮನೆ ಕಟ್ಟೋಣ ಅಂದರೆ ದುಡ್ಡಿಲ್ಲ. ಗಾರೆ ಗಟ್ಟಿಯಾಗಲೇ 28 ದಿನ ಕಾಯಬೇಕು. ಹಾಗಾಗಿ ಒಂದೊಂದು ಸುತ್ತಿನ ಬಿರುಕಿಗೂ ಬೇರೆ ಬೇರೆ ಬಣ್ಣದ ಮಾರ್ಕರ್ ಎಳೆಯುತ್ತೇವೆ: ಮೊದಲ ಸುತ್ತಿಗೆ ಹಸಿರು, ಆಮೇಲೆ ನೀಲಿ, ಕೊನೆಗೆ ಕೆಂಪು. ಒಮ್ಮೆ ನೋಡಿದರೆ ಬಹುಪಾಲು ಕೆಂಪು ಗೆರೆಗಳು ಹೊಸ ಜಾಗದಲ್ಲಿ ಹುಟ್ಟಿರಲೇ ಇಲ್ಲ. ಹಸಿರು ಗೆರೆಯ ತುದಿಯಿಂದಲೇ ಮುಂದಕ್ಕೆ ಓಡಿದ್ದವು.