ಮೂಗು ನೋಡಿ ಮನುಷ್ಯನ್ನ ಅಳೆಯೋದು

ಪ್ರಶ್ನೆ: ಆಫೀಸಲ್ಲಿ ಕೆಲಸಕ್ಕೆ ಜನ ಆರಿಸೋ ಜವಾಬ್ದಾರಿ ನಂದು. ಕೂಡುಹುಬ್ಬಿನವ್ರು ಸಿಡುಕರು, ತೆಳು ತುಟಿಯವ್ರು ಜುಗ್ಗರು, ಹಣೆ ಅಗಲ ಇದ್ರೆ ಬುದ್ಧಿವಂತರು ಅಂತ ಸಾಮುದ್ರಿಕ ಬಲ್ಲೋರೊಬ್ರು ಹೇಳಿದ್ರು. ಇಂಟರ್ವ್ಯೂನಲ್ಲಿ ಇದನ್ನ ನಂಬಬಹುದಾ ಸಾರ್?

ಉತ್ತರ: ಬೇಡ ಮಾರಾಯ್ರೆ. ಹಿಂಗೇ ಮೂಗು ನೋಡಿ ಒಬ್ಬನ್ನ ರಿಜೆಕ್ಟ್ ಮಾಡೋಕೆ ಹೊರಟಿದ್ದ ಕಥೆ ಕೇಳಿ. 1831ರಲ್ಲಿ ಬೀಗಲ್ ಹಡಗಿನ ಕ್ಯಾಪ್ಟನ್ ಫಿಟ್ಜ್‌ರಾಯ್ ಮುಂದೆ ಬಂದು ನಿಂತಿದ್ದು 22 ವರ್ಷದ ಚಾರ್ಲ್ಸ್ ಡಾರ್ವಿನ್. ಕ್ಯಾಪ್ಟನ್ನು ಲಾವಾಟರ್ ಅನ್ನೋ ಸ್ವಿಸ್ ಪಾದ್ರಿಯ ಪಕ್ಕಾ ಶಿಷ್ಯ (ಪಾದ್ರಿ 1775ರಿಂದ ಮುಖಲಕ್ಷಣದ ಮೇಲೆ ಸಂಪುಟಗಟ್ಟಲೆ ಬರೆದೋರು), ಹಂಗಾಗಿ ಇಂಥಾ ಮೂಗಿರೋನಿಗೆ ಅಷ್ಟು ದೂರದ ಪ್ರಯಾಣಕ್ಕೆ ಬೇಕಾದ ಹುರುಪು, ಗಟ್ಟಿತನ ಇರೋದು ಡೌಟೇ ಅಂತ ಅವನಿಗನಿಸ್ತು, ಆದ್ರೂ ಕೊನೆಗೆ ಹತ್ತಿಸ್ಕೊಂಡ, ಆ ಮೂಗು ಹೆಚ್ಚುಕಮ್ಮಿ ಐದು ವರ್ಷ ಲೋಕ ಸುತ್ತಿ ಬಂತು. ಇದನ್ನ ಡಾರ್ವಿನ್ನೇ ಆತ್ಮಕಥೇಲಿ ಬರ್ಕೊಂಡಿದಾನೆ.

ಇದಾದ್ರೂ ತಮಾಷೆ ಅನ್ಬಹುದು, ಇಟಲಿಯ ಡಾಕ್ಟರ್ ಲೊಂಬ್ರೋಸೋ ಮಾಡಿದ್ದು ತಮಾಷೆ ಅಲ್ಲ. ದವಡೆ, ಕಿವಿ ನೋಡಿ ಹುಟ್ಟು ಅಪರಾಧಿ ಯಾರು ಅಂತ ಹೇಳ್ಬಹುದು ಅಂತ 1876ರಲ್ಲಿ ಪುಸ್ತಕಾನೇ ಬರೆದ. ಆಮೇಲೆ ಚಾರ್ಲ್ಸ್ ಗೋರಿಂಗ್ ಅನ್ನೋ ಜೈಲು ವೈದ್ಯ ಸುಮಾರು 3000 ಇಂಗ್ಲಿಷ್ ಕೈದಿಗಳನ್ನ ಅಳೆದು, ಯೂನಿವರ್ಸಿಟಿ ಹುಡುಗ್ರು, ಸೈನಿಕರ ಜೊತೆ ಹೋಲಿಸಿ, ಅಂಥಾ ಒಂದು ಅಪರಾಧಿ ಮುಖ ಅನ್ನೋದೇ ಇಲ್ಲ ಅಂತ 1913ರಲ್ಲಿ ಬರೆದ. ನೀವು ಕ್ಯಾಂಡಿಡೇಟಿಗೆ ಒಂದು ಸಣ್ಣ ಕೆಲ್ಸ ಕೊಟ್ಟು ಮಾಡಿಸಿ ನೋಡಿ, ಹುಬ್ಬು ಅದರ ಪಾಡಿಗೆ ಇರಲಿ.

ಪ್ರಶ್ನೆ: ಹಂಗಾದ್ರೆ ಕೆಲವರನ್ನ ನೋಡಿದ ತಕ್ಷಣ ‘ಇವ್ರು ಒಳ್ಳೆಯವ್ರು’ ಅನ್ಸೋದ್ಯಾಕೆ?

ಉತ್ತರ: ಅನ್ಸೋದು ನಿಜಾನೇ, ಅದೂ ಭಯಂಕರ ಸ್ಪೀಡಾಗಿ. 2006ರಲ್ಲಿ ವಿಲ್ಲಿಸ್ ಮತ್ತೆ ಟೊಡೊರೊವ್ ಅನ್ನೋ ಇಬ್ರು ಸಂಶೋಧಕರು ಜನರಿಗೆ ಅಪರಿಚಿತರ ಮುಖಾನ ಸೆಕೆಂಡಿನ ಹತ್ತನೇ ಒಂದು ಭಾಗ ಅಷ್ಟೇ ತೋರಿಸಿದ್ರು. ಅಷ್ಟರಲ್ಲೇ ಇವನನ್ನ ನಂಬಬಹುದು, ಇವನನ್ನ ನಂಬಬಾರದು ಅಂತ ತೀರ್ಪು ರೆಡಿ! ಜಾಸ್ತಿ ಟೈಮ್ ಕೊಟ್ರೆ ತೀರ್ಪೇನೂ ಅಷ್ಟಾಗಿ ಬದಲಾಗ್ಲಿಲ್ಲ, ನಾನು ಹೇಳಿದ್ದೇ ಸರಿ ಅನ್ನೋ ಧೈರ್ಯ ಮಾತ್ರ ಏರ್ತು. ದೊಡ್ಡ ಕಣ್ಣು, ಸಣ್ಣ ಗದ್ದ ಇದ್ರೆ ಮಗು ಥರ ಕಾಣತ್ತೆ, ಪಾಪ ಮುಗ್ಧ ಅಂದ್ಕೋತೀವಿ. ಮೋಸಗಾರ್ರಿಗೂ ದೊಡ್ಡ ಕಣ್ಣಿರತ್ತೆ ಸ್ವಾಮಿ.

ಪ್ರಶ್ನೆ: ನಮ್ಮ ಅಪ್ಪಾಜಿ ಮೊದ್ಲು ನಗ್ತಾ ಇರ್ತಿದ್ರು, ಈಗೊಂದು ವರ್ಷದಿಂದ ಏನ್ ಹೇಳಿದ್ರೂ ಮುಖದಲ್ಲಿ ಒಂದ್ ಗೆರೆ ಅಲ್ಲಾಡಲ್ಲ. ವಯಸ್ಸಾಗ್ತಾ ಸ್ವಭಾವಾನೇ ಬದಲಾಗತ್ತಾ?

ಉತ್ತರ: ಸ್ವಭಾವದ ಮೇಲೆ ಹಾಕೋಕೆ ಮುಂಚೆ ನರರೋಗ ತಜ್ಞರಿಗೊಮ್ಮೆ ತೋರ್ಸಿ. ಪಾರ್ಕಿನ್ಸನ್ ಕಾಯಿಲೇಲಿ ಮುಖದ ಸ್ನಾಯುಗಳ ಚಲನೆ ಕಮ್ಮಿಯಾಗತ್ತೆ, ಒಳಗೆ ಖುಷಿ ಇದ್ರೂ ಹೊರಗೆ ಕಾಣಲ್ಲ, ಮನೆಯವ್ರು ಮುನಿಸು ಅಂದ್ಕೋತಾರೆ. ಖಿನ್ನತೇನೂ ಇರ್ಬಹುದು. ನಡಿಗೆ ನಿಧಾನ ಆಗಿದ್ಯಾ, ಕೈ ನಡುಗತ್ತಾ, ಅಕ್ಷರ ಸಣ್ಣ ಆಗಿದ್ಯಾ ಗಮನಿಸಿ ಡಾಕ್ಟರ್ ಹತ್ರ ಹೇಳಿ, ಹಳೇ ಫೋಟೋ ಒಂದಿದ್ರೆ ಅದನ್ನೂ ತಗೊಂಡ್ ಹೋಗಿ.