‘ಬರುತ್ತೆ, ನಿಮ್ಮೆದುರು ಮಾತಾಡಲ್ಲ ಅಷ್ಟೇ’

ಮಕ್ಕಳು ಮನೆಮಾತು ಬಿಟ್ಟರು ಎಂದು ನೊಂದು ಬರುವ ಅಪ್ಪ-ಅಮ್ಮಂದಿರನ್ನು ಆಪ್ತಸಮಾಲೋಚಕಿಯಾದ ನಾನು ವರ್ಷವಿಡೀ ನೋಡುತ್ತೇನೆ. ಒಬ್ಬರದು ಕೊಡವ ತಕ್ಕ್, ಇನ್ನೊಬ್ಬರದು ಕೊಂಕಣಿ, ದುಬೈಯಿಂದ ರಜೆಗೆ ಬಂದವರದು ಕನ್ನಡವೇ. ‘ಇವಕ್ಕೆ ಬೇರೇ ಬೇಡ ಮೇಡಂ’ ಎನ್ನುತ್ತಾರೆ. ಮೊದಲೆಲ್ಲ ನಾನೂ ತಲೆಯಾಡಿಸುತ್ತಿದ್ದೆ. ಈ ಹುಡುಗನನ್ನು ಕಂಡ ಮೇಲೆ ಆಡಿಸುತ್ತಿಲ್ಲ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿ, ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ.

ತುಳು ಮನೆಮಾತಿನ ಕುಟುಂಬ. ಅಪ್ಪ-ಅಮ್ಮ ಕರಾವಳಿಯಿಂದ ಬೆಂಗಳೂರಿಗೆ ಬಂದು ಇಪ್ಪತ್ತು ವರ್ಷದ ಮೇಲಾಗಿದೆ. ಮಗನಿಗೆ ಹದಿನೇಳು, ಎರಡನೇ ಪಿಯುಸಿ. ಊರಿನಲ್ಲಿ ಕುಟುಂಬದ ದೈವಕ್ಕೆ ಕೋಲ, ಅಂದರೆ ದೈವ ಮೈಮೇಲೆ ಬಂದು ನುಡಿ ಕೊಡುವ ಆರಾಧನೆ ಇತ್ತು, ಇವನು ಬರುವುದಿಲ್ಲ ಎಂದ. ಮಾತಿಗೆ ಮಾತು ಬೆಳೆದು ತಟ್ಟೆ ಒಡೆದಿತ್ತು, ಹದಿನೈದು ದಿನದಿಂದ ಅಪ್ಪ-ಮಗನ ನಡುವೆ ಮಾತಿರಲಿಲ್ಲ.

ಮೂರನೇ ಭೇಟಿಗೆ ಮೂವರೂ ಬಂದಿದ್ದರು. ಅಪ್ಪ ತುಳುವಿಗಾಗಿ ಓಡಾಡಿದ ಮನುಷ್ಯ. ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ತುಳು ಸೇರಬೇಕೆಂದು ಸಹಿ ಸಂಗ್ರಹಿಸಿದ್ದರು. ‘2011ರ ಜನಗಣತಿಯಲ್ಲೇ ಹದಿನೆಂಟು ಲಕ್ಷ ದಾಟಿದ್ದೇವೆ, ನನ್ನ ಮನೆಯಲ್ಲೇ ಒಬ್ಬನಿಗೆ ಒಂದು ವಾಕ್ಯ ಬರಲ್ಲ. ದೈವ ನುಡಿ ಕೊಡುವಾಗ ಇವನು ಗೊಂಬೆ ಹಾಗೆ ನಿಂತಿರ್ತಾನೆ’ ಎಂದರು. ಗಂಟಲು ಕಟ್ಟಿತ್ತು. ಅವರ ಸಂಕಟ ಸುಳ್ಳಲ್ಲ.

ಹುಡುಗ ನೆಲ ನೋಡುತ್ತಲೇ ಹೇಳಿದ: ‘ಬರುತ್ತೆ. ನಿಮ್ಮೆದುರು ಮಾತಾಡಲ್ಲ ಅಷ್ಟೇ.’

ಅಮ್ಮ ಅವನ ಕಡೆ ತಿರುಗಿದರು. ಯಾಕೆ ಎಂದು ನಾನು ಕೇಳಲಿಲ್ಲ, ಕಾದೆ.

ಅವನಿಗೆ ಒಂಬತ್ತು ವರ್ಷ ಇದ್ದಾಗಿನ ಮಾತು. ಊರಿನ ಮನೆಯ ಚಾವಡಿಯಲ್ಲಿ ನೆಂಟರು ತುಂಬಿದ್ದರು. ಅಜ್ಜಿಯ ಅಣ್ಣನ ಹತ್ತಿರ ಹೋಗಿ, ದಾರಿಯುದ್ದಕ್ಕೂ ಕಾರಿನಲ್ಲಿ ಮನಸ್ಸಿನಲ್ಲೇ ಹೇಳಿಕೊಂಡು ಬಂದಿದ್ದ ಮಾತನ್ನು ಕೇಳಿದ: ‘ಈ ಎಂಚ ಉಲ್ಲ?’ ನೀನು ಹೇಗಿದ್ದೀಯ ಎಂದು. ಎಂಬತ್ತು ದಾಟಿದ ಹಿರಿಯರಿಗೆ ‘ಈರ್ ಎಂಚ ಉಲ್ಲರ್’, ನೀವು ಹೇಗಿದ್ದೀರಿ ಅನ್ನಬೇಕಿತ್ತು. ಚಾವಡಿಯಿಡೀ ಬಿದ್ದು ಬಿದ್ದು ನಕ್ಕಿತು. ಇನ್ನೊಮ್ಮೆ ಹೇಳಿಸಿದರು. ಅಪ್ಪನೇ ವಿಡಿಯೊ ಮಾಡಿ ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದರು. ಆಮೇಲೆ ಪ್ರತಿ ಮದುವೆ, ಪ್ರತಿ ದೀಪಾವಳಿ, ‘ಓ, ಎಂಚ ಉಲ್ಲ ಬಂದ’ ಎಂಬ ಸ್ವಾಗತ.

‘ದೈವದ ಎದುರು ನಿಲ್ಲೋಕೆ ನನಗೆ ಭಯ ಇಲ್ಲ ಆಂಟಿ. ನುಡಿ ಅರ್ಥ ಆಗುತ್ತೆ. ಹಿಂದೆ ನಿಂತಿರ್ತಾರಲ್ಲ, ಅವರದ್ದು ಭಯ.’

ಈ ತಪ್ಪು ಎಲ್ಲಿಂದ ಬಂತು ನೋಡಿ. ಅವನ ಶಾಲೆಯವರು ಮನೆಯಲ್ಲೂ ಇಂಗ್ಲಿಷ್ ಆಡಿ ಎಂದಿದ್ದರು, ಇವರು ಒಪ್ಪಿದ್ದರು. ಕೊನೆಗೆ ಆ ಮನೆಯಲ್ಲಿ ಪಾಠ ಮಾತ್ರ ಇಂಗ್ಲಿಷಿನಲ್ಲಿ, ಉಳಿದ ಮಾತು ಕನ್ನಡದಲ್ಲಿ, ಗಂಡ-ಹೆಂಡಿರ ಗುಟ್ಟು ಮತ್ತು ಜಗಳ ತುಳುವಿನಲ್ಲಿ. ಹುಡುಗನ ಪಾಲಿಗೆ ಬಂದ ತುಳು ಅಂದರೆ ಗದರಿಕೆ ಮತ್ತು ಮುದ್ದು, ಎರಡರಲ್ಲೂ ಅವನು ‘ಈ’. ‘ಈರ್’ ಎಂದು ಅವನನ್ನು ಯಾರೂ ಕರೆದಿಲ್ಲ. ಕೇಳಿದ್ದನ್ನೇ ಅವನು ಹಿಂದಿರುಗಿಸಿದ್ದ. ವಿದೇಶದಲ್ಲಿ ಬೆಳೆದ ಕನ್ನಡದ ಮಗು ಅಜ್ಜನಿಗೆ ‘ನೀನು’ ಅನ್ನುವುದೂ ಹೀಗೆಯೇ.

ಅಪ್ಪ ‘ಪ್ರೀತಿಯಿಂದ ನಕ್ಕಿದ್ದು’ ಎಂದರು. ಇರಬಹುದು, ಆದರೆ ಆ ಮಗು ಎಂಟು ವರ್ಷ ಬಾಯಿ ಮುಚ್ಚಿಕೊಂಡಿತ್ತು.

ನಾನು ಕೊಟ್ಟ ಸಲಹೆ ಅವರಿಗೆ ಹಿಡಿಸಲಿಲ್ಲ. ಆ ವಿಡಿಯೊ ಅಳಿಸಿ, ಅದೇ ಗುಂಪಿನಲ್ಲಿ ‘ಅಂದು ನಕ್ಕಿದ್ದು ತಪ್ಪಾಯಿತು’ ಎಂದು ಬರೆಯಿರಿ ಎಂದೆ. ಮಗನನ್ನು ಕೋಲಕ್ಕೆ ಕರೆಯುವುದನ್ನು ಈ ವರ್ಷಕ್ಕೆ ಬಿಡಿ. ಅವನು ತುಳು ಆಡಿದರೆ ನಡುವೆ ತಿದ್ದಬೇಡಿ, ಸರಿಯಾದ ರೂಪ ನಿಮ್ಮ ಉತ್ತರದಲ್ಲಿ ಬರಲಿ, ಅವನು ಅಲ್ಲಿಂದ ಎತ್ತಿಕೊಳ್ಳುತ್ತಾನೆ. ಕಲಿಯಲು ಒಬ್ಬರು ಸಾಕು, ಅದು ಅಜ್ಜಿ. ದಿನಕ್ಕೆ ಹತ್ತು ನಿಮಿಷ ಫೋನಿನಲ್ಲಿ, ಮೂರನೆಯವರ ಕಿವಿ ಇರಕೂಡದು. ಹುಡುಗನಿಗೂ ಹೇಳಿದೆ: ನಕ್ಕವರಲ್ಲಿ ಅಜ್ಜಿ ಇದ್ದರಾ? ಇಲ್ಲ ಎಂದ. ಹಾಗಿದ್ದರೆ ಈ ಎಂಟು ವರ್ಷದ ಮೌನವನ್ನು ಅವರಿಗೂ ಯಾಕೆ ಕೊಟ್ಟೆ ಎಂದು ಕೇಳಿದೆ. ಅವನು ಉತ್ತರ ಕೊಡಲಿಲ್ಲ, ಕಣ್ಣು ಒರೆಸಿಕೊಂಡ.

ಮಗನ ಪಕ್ಷ ವಹಿಸಿದೆ, ಹಿರಿಯರು ತಲೆತಗ್ಗಿಸುವಂತೆ ಮಾಡಿದೆ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಕೋಲ ಬಿಡಿಸುವ ಹಕ್ಕು ನಿಮಗಿಲ್ಲ ಎಂದರು. ನಾನು ಬಿಡಿಸಲಿಲ್ಲ. ಹುಡುಗನಿಗೆ ದೈವದ ಮೇಲೆ ಸಿಟ್ಟಿರಲಿಲ್ಲ. ಒತ್ತಾಯ ಮಾಡಿ ನಿಲ್ಲಿಸಿದ್ದರೆ ಆ ಸಿಟ್ಟೂ ಸೇರಿಕೊಳ್ಳುತ್ತಿತ್ತು. ಕ್ಷಮೆ ನಾಲ್ಕು ಗೋಡೆಯೊಳಗೆ ಸಾಕಿತ್ತಲ್ಲ ಎಂಬ ಮಾತಿಗೂ ನನ್ನ ಉತ್ತರ ಇದೆ: ಅವಮಾನ ಚಾವಡಿಯಲ್ಲಿ ಆಗಿತ್ತು, ಆ ಚಾವಡಿಯವರೆಲ್ಲ ಈಗ ಆ ಗುಂಪಿನಲ್ಲಿದ್ದಾರೆ. ಶಾಲೆಯಲ್ಲಿ ಭಾಷೆ ಸೇರಿಸುವುದು, ಪರಿಚ್ಛೇದಕ್ಕೆ ಸೇರಿಸುವುದು ಎಲ್ಲವೂ ಬೇಕು. ಆದರೆ ಮನೆಯ ಮಗು ತಪ್ಪು ತಪ್ಪಾಗಿ ಮಾತಾಡುವಾಗ ಅದನ್ನು ಕಾಯುವ ಕೆಲಸವನ್ನು ಯಾವ ಸರ್ಕಾರವೂ ಮಾಡಿಕೊಡುವುದಿಲ್ಲ. ಇದನ್ನು ಓದುತ್ತಿರುವ ಅಪ್ಪ-ಅಮ್ಮಂದಿರೇ, ನಿಮ್ಮ ಮಗು ನಿಮ್ಮ ಭಾಷೆಯನ್ನು ಯಾವಾಗ ನಿಲ್ಲಿಸಿತು, ಅದರ ಹಿಂದಿನ ದಿನ ಏನಾಗಿತ್ತು ಎಂದು ದಯವಿಟ್ಟು ನೆನಪು ಮಾಡಿಕೊಳ್ಳಿ.

ತಿಂಗಳ ಮೇಲೆ ಹುಡುಗ ಒಬ್ಬನೇ ಬಂದ. ಫೋನ್ ತೆರೆದು ತೋರಿಸಿದ. ಅಪ್ಪ ಗುಂಪಿನಲ್ಲಿ ತುಳುವಿನಲ್ಲೇ ಎರಡು ಸಾಲು ಬರೆದಿದ್ದರು. ಕೆಳಗೆ ಇಬ್ಬರು ಸೋದರಸಂಬಂಧಿಗಳು ನಗುವ ಮುಖದ ಚಿತ್ರ ಒತ್ತಿದ್ದರು. ಅದರ ಕೆಳಗೆ ಅಪ್ಪನದೇ ಇನ್ನೊಂದು ಸಾಲು: ನಗಬೇಡಿ.

ಕೋಲಕ್ಕೆ ಅವನು ಹೋಗಲಿಲ್ಲ. ರಾತ್ರಿ ಎಂಟೂವರೆಗೆ ಅಜ್ಜಿಗೆ ಫೋನ್ ಮಾಡುತ್ತಾನಂತೆ, ಕೋಣೆಯ ಬಾಗಿಲು ಹಾಕಿಕೊಂಡು.